ವಿಭೂತಿ ಹಚ್ಚಿದ ಬಾಗಿಲಂಚು

ದೊಡ್ಡಪ್ಪನ ಬಲಗೈಯ ತೋರುಬೆರಳಿಗೆ ಹಳೆಯ ಬನಿಯನ್ನಿನ ಚಿಂದಿ ಸುತ್ತಿರುತ್ತಿತ್ತು. ಉಗುರಿನ ಸಂದಿಯಲ್ಲಿ ಪಾಲಿಶ್ ಬೆಳ್ಳಗೆ ಮೆತ್ತಿರುತ್ತಿತ್ತು. ತಮ್ಮ ಬಾಡಿಗೆ ಕಾರಿನ ಬಾಗಿಲು ತೆರೆದು, ಮುಚ್ಚಿದಾಗ ಯಾರಿಗೂ ಕಾಣದ ಒಳಅಂಚಿನುದ್ದಕ್ಕೂ ಆ ಬೆರಳನ್ನು ನಿಧಾನವಾಗಿ ಎಳೆಯುತ್ತಿದ್ದರು.

ಮೊದಲು ಅವರು ಹೀಗಿರಲಿಲ್ಲ. ಹೊರಮೈ ಹೊಳೆದರೆ ಸಾಕಿತ್ತು. “ಮದುಮಕ್ಕಳು ಇದ್ರಾಗೆ ಮುಖ ನೋಡ್ಕೋಬೇಕು,” ಎನ್ನುತ್ತಿದ್ದರು. ಆಯುಧಪೂಜೆಯ ದಿನ ವಿಭೂತಿಯನ್ನು ನೀರಿನಲ್ಲಿ ಕಲಸಿ, ಕಾರಿನ ಬಾಗಿಲ ಕೊಂಡಿ ಕಚ್ಚಿಕೊಳ್ಳುವ ಒಳಚೌಕಟ್ಟಿನ ಮೇಲೆ ಮೂರು ಬೆರಳಿನಿಂದ ಎಳೆಯುತ್ತಿದ್ದರು. ಹೊರಗೆ ಹಚ್ಚಿದರೆ ಮಳೆಗೆ ಹೋಗುತ್ತದೆಂದು ಒಳಗೆ. ಕಾರು ತೊಳೆಯುವಾಗ ಆ ಜಾಗಕ್ಕೆ ಬಟ್ಟೆ ಮುಟ್ಟಿಸುತ್ತಿರಲಿಲ್ಲ. ಪ್ರತಿ ವರ್ಷ ಹಳೆಯದರ ಮೇಲೆಯೇ ಹೊಸದು. ಆ ಬೂದಿ ತೇವ ಹಿಡಿದಿಟ್ಟು, ಅದರಡಿ ಬಣ್ಣ ಉಬ್ಬಿ, ತಗಡು ತುಕ್ಕು ತಿಂದದ್ದು ಯಾರಿಗೂ ತಿಳಿಯಲಿಲ್ಲ.

ತೊಂಬತ್ತರ ದಶಕದ ಆರಂಭ. ಕುಪ್ಪಗಡ್ಡೆಯ ನೆಂಟರ ಮನೆಯಿಂದ ಶಿಕಾರಿಪುರಕ್ಕೆ ಮರಳುತ್ತಿದ್ದೆವು. ಕಾರು ಓಡಿಸುತ್ತಿದ್ದವರು ದೊಡ್ಡಪ್ಪ. ಹಿಂದಿನ ಸೀಟಿನಲ್ಲಿ ದೊಡ್ಡಮ್ಮ, ಅವರ ಪಕ್ಕದಲ್ಲಿ ನಾನು. ಒಂದು ತಿರುವಿನಲ್ಲಿ ಕಡಕ್ ಎಂದಿತು. ಬಾಗಿಲು ತೆರೆದುಕೊಂಡಿತು. ದೊಡ್ಡಮ್ಮ ಪಕ್ಕದಲ್ಲಿರಲಿಲ್ಲ, ಅವರ ಬಾಳೆಹಣ್ಣಿನ ಚೀಲ ಸೀಟಿನ ಮೇಲೆ ಹಾಗೇ ಇತ್ತು. ನಾನು ಕಣ್ಣಾರೆ ಕಂಡದ್ದು ಇಷ್ಟೇ. ಕೊಂಡಿ ತುಕ್ಕು ಹಿಡಿದ ತಗಡಿನ ಸಮೇತ ಕಿತ್ತು ಬಂದಿತ್ತು. ರಸ್ತೆಗೆ ಬಿದ್ದ ದೊಡ್ಡಮ್ಮ ಬದುಕಿದರು, ಆದರೆ ಸೊಂಟ ಮೊದಲಿನಂತಾಗಲಿಲ್ಲ.

ದೊಡ್ಡಪ್ಪ ಅಲ್ಲಿಗೆ ಹೊಸ ತಗಡು ಬೆಸುಗೆ ಹಾಕಿಸಿ, ಬಣ್ಣ ಹೊಡೆಸಿ, ಉಳಿದ ಬಾಗಿಲುಗಳ ವಿಭೂತಿಯನ್ನು ತಾವೇ ಕೂತು ತೊಳೆದರು.

“ಏನ್ ಯಜಮಾನ್ರೇ, ದೇವರ ವಿಭೂತೀನೇ ಒರೆಸ್ತೀರಲ್ರೀ?” ಎಂದು ಪಕ್ಕದ ಮನೆಯವರು ಕೆಣಕಿದರು.

“ನನ್ನ ಹಣೇದು ದಿನಾ ತೊಳ್ಕೊಂಡೇ ಹೊಸದು ಹಚ್ಕೊಳ್ಳೋದು. ಇದನ್ಯಾಕ ತೊಳೀಲಿಲ್ಲೋ ನಾನು!”

ಅಂದಿನಿಂದ ಬಾಡಿಗೆ ಮುಗಿಸಿ ಬಂದರೆ ಅದೇ ಕೆಲಸ. ಬಾಗಿಲಡಿ ನೀರು ಇಳಿಯುವ ತೂತುಗಳ ಕೆಸರನ್ನು ಪೊರಕೆ ಕಡ್ಡಿಯಿಂದ ಕೆದಕುವುದು. ಡಿಕ್ಕಿಯ ರಬ್ಬರಿನಡಿ ಒದ್ದೆ ಬಟ್ಟೆ, ಆಮೇಲೆ ಒಣಬಟ್ಟೆ, ತುಸು ಪಾಲಿಶ್. ಎಲ್ಲ ಮುಗಿದ ಮೇಲೆ ದೊಡ್ಡಮ್ಮನನ್ನು ಕರೆಯುವುದು.

“ಇಲ್ಲಿ ಬೆರಳಿಟ್ಟು ನೋಡೇ. ಒಂಚೂರು ತುಕ್ಕು ಸಿಕ್ರ ಹೇಳು. ಭಾನುವಾರ ಅಂಜನಾಪುರಕ್ಕೆ ಹೋಗಿ ಬರಾಣ.”

“ನೀವು ಕಾರಾಗೆ ಹೋಗ್ರಿ. ನಾನು ಬಸ್ಸಿಗೆ ಬಂದು ಅಲ್ಲೇ ಸಿಗ್ತೀನಿ.”

ದೊಡ್ಡಮ್ಮ ನಗುತ್ತಲೇ ಅನ್ನುತ್ತಿದ್ದರು. ಆದರೆ ಕಾರಿನ ಬಾಗಿಲನ್ನು ಬೆರಳ ತುದಿಯಿಂದ ಮುಟ್ಟಿ ಒಂದು ಹೆಜ್ಜೆ ಹಿಂದೆ ಸರಿಯುತ್ತಿದ್ದರು. ಅದನ್ನು ದೊಡ್ಡಪ್ಪನೂ ನೋಡುತ್ತಿದ್ದರು. ವರ್ಷಗಟ್ಟಲೆ ಅವರು ಕರೆದರು, ಇವರು ಹತ್ತಲಿಲ್ಲ.

ಒಂದು ಬೆಳಿಗ್ಗೆ ದೊಡ್ಡಪ್ಪ ಎದೆ ಹಿಡಿದುಕೊಂಡು ಕುಸಿದರು. ಪಕ್ಕದ ಮನೆಯವರೇ ದೊಡ್ಡಪ್ಪನ ಕಾರು ತೆಗೆದರು. ದೊಡ್ಡಮ್ಮ ಯಾರ ಕೈಯನ್ನೂ ಹಿಡಿಯದೆ ಹಿಂದಿನ ಸೀಟು ಹತ್ತಿ, ಅಂದು ತೆರೆದುಕೊಂಡ ಅದೇ ಬಾಗಿಲಿಗೆ ಬೆನ್ನು ಕೊಟ್ಟು ಕೂತು, ಗಂಡನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡರು. ನಾನು ಅಂಗಳದಲ್ಲೇ ನಿಂತು ನೋಡಿದೆ. ಶಿವಮೊಗ್ಗದ ಆಸ್ಪತ್ರೆ ತಲುಪುವ ಮೊದಲೇ ದೊಡ್ಡಪ್ಪನ ಜೀವ ಹೋಯಿತು.

ನೆಂಟರೆಲ್ಲ ಹೊರಟ ಮೇಲೆ ದೊಡ್ಡಮ್ಮ ನನ್ನನ್ನು ಹತ್ತಿರ ಕೂರಿಸಿಕೊಂಡರು.

“ದಾರ್ಯಾಗೆ ಕಣ್ಣು ಬಿಟ್ಟು, ‘ಹೆದರಿಕಿ ಆಗ್ತತೇನೇ?’ ಅಂದ್ರು. ನಾನು ಬರೀ ಅವರ ತಲಿ ಸವರ್ದೆ. ಇಲ್ಲ ಅನ್ನಬೇಕಿತ್ತು. ಬಾಗಿಲು ಒಂಚೂರೂ ಅಲುಗಾಡಲಿಲ್ಲ ನೋಡವ್ವ.”