ಇಲಿಗೆ ಯಾರು ಮಾತ್ರೆ ಕೊಟ್ಟರು?

ಇಲಿಯ ಥೈರಾಯ್ಡ್ ಗ್ರಂಥಿಯ ಒಂದು ಹೋಳು ಎಳ್ಳುಕಾಳಿಗಿಂತ ದೊಡ್ಡದಿರುವುದಿಲ್ಲ. ಅತ್ತೆಗೆ ಅದನ್ನು ತೋರಿಸಲು ಚಕ್ಕುಲಿಯಿಂದ ಒಂದು ಎಳ್ಳು ಕಿತ್ತು ಅಂಗೈ ಮೇಲಿಟ್ಟೆ.

ಅತ್ತೆ ಎಂದರೆ ಅಪ್ಪನ ಅಕ್ಕ; ತೀರ್ಥಹಳ್ಳಿಯಲ್ಲಿ ಬಟ್ಟೆ ಹೊಲಿಯುತ್ತಾರೆ. ಅವರಿಗೆ ಆ ಗ್ರಂಥಿಯದೇ ಕಾಯಿಲೆ: ದೇಹದ ಕಾವಲು ಪಡೆ ತನ್ನದೇ ಗ್ರಂಥಿಯನ್ನು ಶತ್ರುವೆಂದು ತಿಳಿದು ಹಾಳುಮಾಡುತ್ತದೆ. ತಿಂಗಳುಗಟ್ಟಲೆ ಮಾತ್ರೆ ನುಂಗಿದರೂ ಸುಸ್ತು ಹೋಗಿರಲಿಲ್ಲ. ಬಿಟ್ಟುಬಿಡುವ ಯೋಚನೆಯಲ್ಲಿದ್ದರು. ನಾನು ಸಂಶೋಧನೆಗೆಂದು ಇದೇ ಕಾಯಿಲೆಯನ್ನು ಇಲಿಗಳಲ್ಲಿ ಬರಿಸುವವಳು. ರಜೆಗೆ ಸಾಗರದ ಮನೆಗೆ ಬಂದಿದ್ದವಳನ್ನು, ವಿಚಾರಿಸಬೇಕು ಎಂದು ಹೊಸನಗರ ಮಾರ್ಗದ ಬಸ್ಸಿನಲ್ಲಿ ಕರೆಸಿಕೊಂಡಿದ್ದರು.

"ಬರಿಸೋದು ಹೆಂಗೆ ಮಾರಾಯ್ತಿ?"

ಗ್ರಂಥಿಯ ಪ್ರೋಟೀನನ್ನೇ, ದೇಹವನ್ನು ಕೆರಳಿಸುವ ವಸ್ತುವಿನೊಂದಿಗೆ ಬೆರೆಸಿ ಚುಚ್ಚುತ್ತೇವೆ ಎಂದೆ. ಮೊದಲು ರಕ್ತದಲ್ಲಿ ಪ್ರತಿಕಾಯಗಳು ಕಾಣುತ್ತವೆ. ಇಲಿ ಮಾತ್ರ ಏನೂ ಆಗದಂತೆ ಓಡಾಡಿಕೊಂಡಿರುತ್ತದೆ. ಆಮೇಲೆ ಬಿಳಿ ರಕ್ತಕಣಗಳು ಗ್ರಂಥಿಯೊಳಗೆ ನುಗ್ಗಿ ಗುಂಪುಗೂಡುತ್ತವೆ. ಹಾರ್ಮೋನು ತಯಾರಿಸುವ ಪುಟ್ಟ ಚೀಲಗಳು ಹಾಳಾಗುತ್ತ ಹೋಗುತ್ತವೆ. ಎಲ್ಲ ಇಲಿಗೂ ಒಂದೇ ಥರ ಬರುವುದಿಲ್ಲ, ಕೆಲವು ವಂಶಗಳಿಗೇ ಜೋರು.

"ಮನೆತನ ನೋಡ್ಕಂಡು ಬರ್ತದೆ ಅನ್ನು. ಹಂಗಾದ್ರೆ ನಿಂಗೂ ಬರ್ತದೆ," ಎಂದು ಅತ್ತೆ ಸಮಾಧಾನದಿಂದ ಚಕ್ಕುಲಿ ಮುರಿದರು. "ಕಡೀಗೆ ಎಂತ ಆಗ್ತದೆ?"

"ಸುಮಾರು ಇಲಿಗಳಲ್ಲಿ ತಾನಾಗೇ ಇಳಿಯುತ್ತೆ ಅತ್ತೆ."

ನಿಜವೇ. ಆದರೂ ಹೇಳಬಾರದಿತ್ತು.

"ಇಲಿಗೆ ಯಾರು ಮಾತ್ರೆ ಕೊಟ್ರು?"

"ಯಾರೂ ಇಲ್ಲ."

"ಮತ್ತೆ ನಂಗ್ಯಾಕೆ?"

ಇಲಿಯನ್ನು ಕೆರಳಿಸುವುದನ್ನು ನಾವು ನಿಲ್ಲಿಸುತ್ತೇವೆ, ನಿಮ್ಮೊಳಗೆ ಅದು ನಿಲ್ಲುವುದಿಲ್ಲ ಎಂದು ವಿವರಿಸಿದೆ. ಅಷ್ಟರಲ್ಲಿ ಅತ್ತೆ ಇಲಿಗಳ ಪಕ್ಷ ಸೇರಿಯಾಗಿತ್ತು. ದಾರಿ ಕಾಣದೆ, ಮಾತ್ರೆ ಹೇಗೆ ತೆಗೆದುಕೊಳ್ಳುತ್ತೀರಿ ಎಂದು ಕೇಳಿದೆ.

"ಖಾಲಿ ಹೊಟ್ಟೇಲಿ. ಕಾಫಿ ಜೊತೆ."

"ಕಾಫಿ ಕುಡಿದ್ರೆ ಖಾಲಿ ಹೇಗಾಗುತ್ತೆ?"

"ಕಾಫೀನ ಯಾರಾದ್ರೂ ಲೆಕ್ಕಕ್ಕೆ ಹಿಡೀತಾರನೇ?"

ನಮ್ಮ ಮನೆಗಳಲ್ಲಿ ಯಾರೂ ಹಿಡಿಯುವುದಿಲ್ಲ. ಏಕಾದಶಿಯ ಉಪವಾಸಕ್ಕೂ ಹಿಡಿಯುವುದಿಲ್ಲ. ಕಾಫಿಯೊಂದಿಗೆ ನುಂಗಿದರೆ ಆ ಮಾತ್ರೆ ಮೈಗೆ ಸರಿಯಾಗಿ ಹತ್ತುವುದಿಲ್ಲ, ನೀರಲ್ಲಿ ನುಂಗಿ ಒಂದು ಗಂಟೆ ತಡೆಯಿರಿ, ಸುಸ್ತು ಹೋಗುತ್ತದೋ ನೋಡೋಣ ಎಂದೆ.

"ಎದ್ದು ಒಂದು ಗಂಟೆ ಕಾಫಿ ಇಲ್ದೆ? ಅದಕ್ಕಿಂತ ಕಾಯಿಲೆನೇ ವಾಸಿ," ಎಂದು ಅತ್ತೆ ಹೊಲಿಗೆ ಯಂತ್ರದ ಮುಂದೆ ಹೋಗಿ ಕೂತರು.

ಮರುದಿನ ಬೆಳಿಗ್ಗೆ ಅವರಿಗಿಂತ ಮೊದಲೆದ್ದು, ಕಾಫಿಪುಡಿಯ ಡಬ್ಬಿಯನ್ನು ನನ್ನ ಬ್ಯಾಗಿನ ತಳಕ್ಕೆ ಸೇರಿಸಿ, ಮಾತ್ರೆಯ ಪಕ್ಕ ಒಂದು ಲೋಟ ನೀರಿಟ್ಟು, ಏನೂ ಅರಿಯದವಳ ಹಾಗೆ ಮತ್ತೆ ಹೊದ್ದು ಮಲಗಿದೆ.