ಕಾವಲಿಯ ಮೇಲಿನ ಗೆರೆಗಳು

ನನ್ನ ಮೊದಲ ಡಿಜಿಟಲ್ ಕ್ಯಾಮೆರಾದ ಬೆನ್ನ ಮೇಲೆ ಪುಟ್ಟದೊಂದು ಹೂವಿನ ಗುರುತಿತ್ತು. ಆ ಗುಂಡಿ ಒತ್ತಿದರೆ ನಾಲ್ಕು ಬೆರಳಿನಷ್ಟು ಹತ್ತಿರದ ವಸ್ತುವೂ ಮಸುಕಾಗದೆ ಬರುತ್ತಿತ್ತು. ಜನ ಹೂವುಗಳನ್ನು ಹತ್ತಿರದಿಂದ ತೆಗೆಯಲಿ ಎಂದು ಮಾಡಿದವರ ಆಸೆ ಇದ್ದಿರಬೇಕು. ಮುಂಬೈ ಬಳಿಯ ಡೊಂಬಿವಲಿಯಲ್ಲಿ, ಮೂರನೇ ಮಹಡಿಯ ನಮ್ಮ ಫ್ಲ್ಯಾಟಿನಲ್ಲಿ ಹೂವೆಂದರೆ ದೇವರ ಮುಂದೆ ಬಾಡಿದ ಚೆಂಡುಹೂವು, ಅಷ್ಟೆ. ಹಾಗಾಗಿ ನಾನು ಸವೆದ ಸಾಮಾನುಗಳ ಬೆನ್ನು ಹತ್ತಿದೆ.

2008ರ ಸುಮಾರಿನ ಮಾತು. ಬೆಳಿಗ್ಗೆ ಲೋಕಲ್ ರೈಲು ಹಿಡಿದು ಠಾಣೆ, ಅಲ್ಲಿ ಗಾಡಿ ಬದಲಿಸಿ ರಬಾಳೆ, ಅಲ್ಲೊಂದು ಕಂಪನಿಯಲ್ಲಿ ಇಡೀ ದಿನ ಕಂಪ್ಯೂಟರ್ ಮುಂದೆ. ಮದುವೆಯಾಗಿ ಮೈಸೂರಿನಿಂದ ಬಂದ ಹೊಸದರಲ್ಲಿ ಈ ಊರಿನಲ್ಲಿ ನೋಡುವಂಥದ್ದು ಏನೂ ಇಲ್ಲ ಎಂದು ಗಂಡನ ತಲೆ ತಿನ್ನುತ್ತಿದ್ದವಳು ನಾನು. ಕ್ಯಾಮೆರಾ ಬಂದ ಮೇಲೆ ಆ ಮಾತು ನಿಂತಿತು. ಸ್ಟೇಷನ್ನಿನ ಮೇಲ್ಸೇತುವೆಯ ಕಂಬಿ ಜನರ ಅಂಗೈ ತಾಗಿ ತಾಗಿ ಒಂದೇ ಕಡೆ ನುಣುಪಾಗಿತ್ತು. ಬೀದಿಯ ಕಾಯಿನ್ ಫೋನಿನಲ್ಲಿ ಎರಡು ಅಂಕಿಗಳು ಪೂರ್ತಿ ಅಳಿಸಿಹೋಗಿದ್ದವು. ವಾಶಿಯ ಸಗಟು ಮಾರುಕಟ್ಟೆಯಲ್ಲಿ ಅಕ್ಕಿ ಅಳೆಯುವ ತಗಡಿನ ಮೊಗೆಯ ಅಂಚು ಕಾಗದದಷ್ಟು ತೆಳುವಾಗಿತ್ತು. ಎಲ್ಲವನ್ನೂ ಮೂಗು ತಾಗುವಷ್ಟು ಹತ್ತಿರದಿಂದ ತೆಗೆದೆ. ಎಲ್ಲಿ ಸವೆದಿದೆಯೋ ಅಲ್ಲಿ ಒಂದು ಕೈ ಇತ್ತು ಎನ್ನುವುದು ನನಗೆ ಬಹಳ ಸಮಾಧಾನ ಕೊಡುತ್ತಿತ್ತು.

"ಜನ ಲೋನಾವಳಾಕ್ಕೆ ಹೋಗಿ ಫೋಟೊ ತೆಗೀತಾರೆ. ನೀನು ಹಾಲಿನ ಪಾತ್ರೆ ತಳ ತೆಗೀತಿದೀಯಲ್ಲೇ!" ಎಂದು ನನ್ನವರು ನಗುತ್ತಿದ್ದರು. ಆದರೆ ಆ ವರ್ಷ ನಮ್ಮೂರ ಕನ್ನಡ ಸಂಘದವರು ರಾಜ್ಯೋತ್ಸವಕ್ಕೆ ಸಭಾಂಗಣದ ಒಂದು ಗೋಡೆಯನ್ನು ನನ್ನ ಚಿತ್ರಗಳಿಗೆ ಬಿಟ್ಟುಕೊಟ್ಟಾಗ ಅವರ ನಗು ಸ್ವಲ್ಪ ಕಡಿಮೆಯಾಯಿತು. ಹನ್ನೆರಡು ಚಿತ್ರ ಬೇಕಿತ್ತು, ಹನ್ನೊಂದು ಸಿದ್ಧವಿದ್ದವು. ಹನ್ನೆರಡನೆಯದು ಎದುರು ಮನೆಯ ಆಂಟಿಯ ದೋಸೆ ಕಾವಲಿ ಎಂದು ನಾನು ಯಾವತ್ತೋ ನಿಶ್ಚಯ ಮಾಡಿಕೊಂಡಿದ್ದೆ.

ಆಂಟಿ ಉಡುಪಿ ಕಡೆಯವರು, ಅರವತ್ತು ದಾಟಿದ್ದರು. ಮನೆಯಲ್ಲಿ ತುಳು, ನನ್ನ ಮುಂದೆ ಕನ್ನಡ. ಆ ಕಾವಲಿ ಅವರ ಅತ್ತೆಯದು. ಹಳೇ ಸೀರೆಯಲ್ಲಿ ಸುತ್ತಿಸಿಕೊಂಡು ರೈಲಿನಲ್ಲಿ ಊರಿನಿಂದ ಬಂದದ್ದು. ಅಂಗೈ ಅಗಲದ ಹಿಡಿಕೆ, ನಡುವೆ ತುಸು ತಗ್ಗು, ಮೇಲೆ ಎಣ್ಣೆ ಕುಡಿದು ಕುಡಿದು ಹೊಳೆಯುವ ಕಪ್ಪು. ಹಿಟ್ಟು ಹುಯ್ದು ಮುಚ್ಚಳ ತೆಗೆಯುವಷ್ಟರಲ್ಲಿ ದೋಸೆ ತಾನಾಗಿ ಅಂಚು ಬಿಟ್ಟು ಏಳುತ್ತಿತ್ತು. ಪ್ರತಿ ವರ್ಷ ನವರಾತ್ರಿ ಕಳೆದ ಮೊದಲ ಭಾನುವಾರ ಅವರ ಇಬ್ಬರು ನಾದಿನಿಯರು, ಒಬ್ಬರು ಠಾಣೆಯಿಂದ, ಒಬ್ಬರು ವಾಶಿಯಿಂದ, ಬರುತ್ತಿದ್ದರು. ಬರುತ್ತಿದ್ದದ್ದು ಅತ್ತಿಗೆಯನ್ನು ನೋಡುವುದಕ್ಕೂ ಹೌದು. ಮುಖ್ಯವಾಗಿ ತಮ್ಮ ತಾಯಿಯ ಕಾವಲಿಯಲ್ಲಿ ಎದ್ದ ದೋಸೆ ತಿನ್ನುವುದಕ್ಕೆ.

ಆ ಮನೆಯಲ್ಲಿ ಒಂದು ಪದ್ಧತಿಯಿತ್ತು. ಸೊಸೆ ಬಂದ ಕೂಡಲೇ ಕಾವಲಿ ಅವಳ ಕೈಗೆ ಹೋಗುವುದಿಲ್ಲ. ಹಿಟ್ಟು ರುಬ್ಬಬಹುದು, ಚಟ್ನಿ ಮಾಡಬಹುದು, ಕಾವಲಿಯ ಮುಂದೆ ನಿಲ್ಲುವುದು ಮಾತ್ರ ಅತ್ತೆ ಕರೆದಾಗ. ಆಂಟಿಯ ಸೊಸೆ ಕಲ್ಯಾಣದಲ್ಲಿ ಹುಟ್ಟಿ ಬೆಳೆದ ಹುಡುಗಿ, ಮದುವೆಯಾಗಿ ಐದು ತಿಂಗಳಾಗಿತ್ತು. ತುಳು, ಕನ್ನಡ ಎರಡೂ ಅರ್ಥವಾಗುತ್ತಿದ್ದವು. ಉತ್ತರ ಮಾತ್ರ ಮರಾಠಿಯಲ್ಲೋ ಹಿಂದಿಯಲ್ಲೋ ಬರುತ್ತಿತ್ತು. ನಾದಿನಿಯರಿಗೆ ಅದೊಂದು ದೊಡ್ಡ ಕೊರತೆಯಾಗಿ ಕಂಡಿತ್ತು, ಮದುವೆ ಮಂಟಪದಲ್ಲೇ ಅಂದಿದ್ದರು ಕೂಡ. ಈ ಭಾನುವಾರ ಸೊಸೆಯ ಕೈಯಿಂದಲೇ ಅವರಿಗೆ ದೋಸೆ ಹುಯ್ಯಿಸುತ್ತೇನೆ ಎಂದು ಆಂಟಿ ಹಟ ತೊಟ್ಟಿದ್ದರು. ಒಂದು ತಿಂಗಳಿಂದ ಅವಳನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ಕಲಿಸಿದ್ದರು. ದೋಸೆ ಎದ್ದರೆ ಅವಳು ಆ ಮನೆಯವಳು. ನಾದಿನಿಯರ ಲೆಕ್ಕ ಅಷ್ಟು ಸರಳವಾಗಿತ್ತು.

ಅದರ ನಡುವೆ ನಾನು ಮೂಗು ತೂರಿಸಿದೆ. ಶುಕ್ರವಾರ ಬೆಳಿಗ್ಗೆ ಆಫೀಸಿಗೆ ಓಡುತ್ತಾ ಮೆಟ್ಟಿಲಲ್ಲಿ ಸಿಕ್ಕ ಸೊಸೆಗೆ, "ನಾಳೆ ನಂಗೆ ರಜ. ಬೆಳಿಗ್ಗೆ ಬಂದು ನಿಮ್ಮ ಕಾವಲಿ ಫೋಟೊ ತೆಗೀತೀನಿ. ಸಂಘದ ಹಾಲ್‌ನಲ್ಲಿ ಎಲ್ಲರೂ ನೋಡ್ತಾರೆ" ಎಂದು ಹೇಳಿ ಇಳಿದುಹೋದೆ. ಅಷ್ಟೇ ಹೇಳಿದ್ದು.

ಶನಿವಾರ ಬೆಳಿಗ್ಗೆ ಹೋದಾಗ ಅಡುಗೆಮನೆಯ ಕಿಟಕಿಯಲ್ಲಿ ಒಳ್ಳೆ ಬೆಳಕಿತ್ತು. ಕಟ್ಟೆಯ ಮೇಲೆ ಬಿಳಿ ಟವೆಲ್ಲು ಹಾಸಿ, ಅದರ ಮೇಲೆ ಕಾವಲಿ ಇಟ್ಟು, ಅಂಚಿಗೆ ಅರಿಶಿನ ಕುಂಕುಮ ಹಚ್ಚಿದ್ದಳು ಆ ಹುಡುಗಿ. ಕಾವಲಿ ಬೆಳ್ಳಗೆ ಹೊಳೆಯುತ್ತಿತ್ತು. ಮೊದಲು ನನಗೆ ಅದು ಬೇರೆ ಕಾವಲಿ ಅನ್ನಿಸಿತು. ಹಿಡಿಕೆ ನೋಡಿದ ಮೇಲೆ ಅದೇ ಎಂದು ಗೊತ್ತಾಯಿತು.

"ಮಸ್ತ್ ಝಾಲಾ ನಾ, ದೀದಿ?" ಎಂದಳು, ಚೆನ್ನಾಗಿ ಬಂತಲ್ಲ ಎನ್ನುವ ಹೆಮ್ಮೆಯಲ್ಲಿ. ಬೆರಳುಗಳ ತುದಿ ಕೆಂಪಾಗಿದ್ದವು. ಹಿಂದಿನ ಮಧ್ಯಾಹ್ನ ಅತ್ತೆ ಭಜನೆಗೆ ಹೋಗಿದ್ದಾಗ ಸೋಡಾ ಹಾಕಿದ ಬಿಸಿನೀರಿನಲ್ಲಿ ನೆನೆಸಿ, ಹುಣಸೆಹಣ್ಣು ತಿಕ್ಕಿ, ಅದೂ ಸಾಲದೆ ಗಂಡ ಅಂಬರನಾಥದ ಕಾರ್ಖಾನೆಯಿಂದ ತಂದಿಟ್ಟಿದ್ದ ಪಾಲಿಶ್ ಪೇಪರಿನಿಂದ ಮೂರು ಗಂಟೆ ಉಜ್ಜಿದ್ದಳು. ಅವಳ ತಪ್ಪೆಂದು ಹೇಗೆ ಹೇಳಲಿ? ನಾಲ್ಕು ಜನರ ಕಣ್ಣಿಗೆ ಬೀಳುವ ಪಾತ್ರೆಯನ್ನು ತೊಳೆದು ಬೆಳಗದೆ ನಮ್ಮ ಯಾವ ಮನೆಯಲ್ಲಿ ಹೊರಗಿಡುತ್ತಾರೆ? ಕಪ್ಪು ಇದ್ದ ಹಾಗೇ ಇರಲಿ, ನನಗೆ ಬೇಕಾದದ್ದೇ ಅದು ಎಂದು ನಾನು ಒಂದು ಮಾತು ಹೇಳಬೇಕಿತ್ತು. ಲೋಕಲ್ ತಪ್ಪುತ್ತದೆ ಎಂಬ ಅವಸರದಲ್ಲಿ ಹೇಳಲಿಲ್ಲ.

ಅಷ್ಟರಲ್ಲಿ ಆಂಟಿ ಸ್ನಾನ ಮುಗಿಸಿ ಬಂದರು. ನೋಡಿದರು.

"ಎಂತ ಮಾಡಿದ್ದು ನೀನು?"

ದನಿ ಏರಲಿಲ್ಲ. ಒಲೆ ಹಚ್ಚಿ, ಕಾವಲಿ ಇಟ್ಟು, ಎಣ್ಣೆ ಸವರಿ ಒಂದು ಸೌಟು ಹಿಟ್ಟು ಹುಯ್ದರು. ದೋಸೆ ಏಳಲಿಲ್ಲ. ಸಟ್ಟುಗ ಹಾಕಿದರೆ ಹರಿದು ಮುದ್ದೆಯಾಯಿತು. ಎರಡನೆಯದೂ ಹಾಗೇ ಆಯಿತು. ಮೂರನೆಯದು ಹುಯ್ಯದೆ ಒಲೆ ಆರಿಸಿ ಒಳಕೋಣೆಗೆ ಹೋಗಿ ಕೂತರು. ಬೈದಿದ್ದರೆ ಚೆನ್ನಾಗಿತ್ತು. ಸೊಸೆ, ನಾಳೆ ನಾದಿನಿಯರು ಬರುವ ಮೊದಲೇ ನಾನು ಕಲ್ಯಾಣಕ್ಕೆ ಅಮ್ಮನ ಮನೆಗೆ ಹೋಗಿಬಿಡುತ್ತೇನೆ ಎಂದು ಮರಾಠಿಯಲ್ಲಿ ಹೇಳಿ ಅಳತೊಡಗಿದಳು. ನನಗೂ ಅಳು ಬಂತು, ಸುಳ್ಳೇಕೆ.

ಆಮೇಲೆ ಏನು ಮಾಡುವುದೆಂದು ತಿಳಿಯದೆ ಕಾವಲಿಯ ಫೋಟೊ ತೆಗೆದೆ. ಕೈ ಸುಮ್ಮನಿದ್ದರೆ ನನಗೆ ಇನ್ನೂ ಹೆಚ್ಚು ಸಂಕಟವಾಗುತ್ತದೆ. ಆರಿದ ಕಾವಲಿಯನ್ನು ಒರೆಸಿ, ಕಿಟಕಿಗೆ ಓರೆಯಾಗಿ ಹಿಡಿದು, ಹೂವಿನ ಗುಂಡಿ ಒತ್ತಿ, ಬೆಳಕು ಅಡ್ಡಡ್ಡ ಬೀಳುವ ಹಾಗೆ ಏಳೆಂಟು ಚಿತ್ರ ತೆಗೆದು ಮನೆಗೆ ಬಂದೆ.

ಮಧ್ಯಾಹ್ನ ಕಂಪ್ಯೂಟರಿನಲ್ಲಿ ಅವನ್ನು ದೊಡ್ಡದು ಮಾಡಿ ನೋಡುತ್ತಿದ್ದೆ. ಪಾಲಿಶ್ ಪೇಪರಿನ ಗೆರೆಗಳು ಕೂದಲೆಳೆಯಷ್ಟು ಸಣ್ಣಗೆ ಸುತ್ತಸುತ್ತಾಗಿದ್ದವು. ಅವುಗಳ ಕೆಳಗೆ ಬೇರೆ ಗೆರೆಗಳಿದ್ದವು. ಆಳವಾಗಿ, ಒರಟಾಗಿ, ಹಿಡಿಕೆಯಿಂದ ಆ ಕಡೆಯ ಅಂಚಿನವರೆಗೆ ನೇರವಾಗಿ ಎಳೆದವು. ಸೊಸೆ ಗುಂಡಗೆ ಉಜ್ಜಿದ್ದಳು, ನೇರವಾಗಿ ಅಲ್ಲ. ಸಟ್ಟುಗದ ಗೆರೆಗಳು ಇಷ್ಟು ಒತ್ತಾಗಿ ಇರುವುದಿಲ್ಲ. ಯಾರೋ ಬಹಳ ಹಿಂದೆ ಈ ಕಾವಲಿಯನ್ನು ಬೇರೆ ಯಾವುದರಿಂದಲೋ ಜೋರಾಗಿ ತಿಕ್ಕಿದ್ದರು. ಅದರ ಮೇಲೆ ಮತ್ತೆ ಕಪ್ಪು ಕೂತು ಮುಚ್ಚಿಹೋಗಿತ್ತು.

ನನಗೆ ತಡೆಯಲಾಗಲಿಲ್ಲ. ಹೋಗಿ ಆಂಟಿಯನ್ನು ಕರೆದುಕೊಂಡು ಬಂದೆ. ಬರುವುದಿಲ್ಲ ಎಂದರು, ಕೈ ಹಿಡಿದು ಎಳೆದುಕೊಂಡೇ ಬಂದೆ. ಕುರ್ಚಿಯಲ್ಲಿ ಕೂರಿಸಿ ತೋರಿಸಿದೆ.

"ಆಂಟಿ, ಇವು ಅವಳ ಗೆರೆ ಅಲ್ಲ. ನೋಡಿ, ಇದು ಹಳೇದು. ಹಿಂದೆ ಯಾರಾದ್ರೂ ಇದನ್ನ ಉಜ್ಜಿದ್ರಾ?"

ಅವರು ಕನ್ನಡಕ ಸರಿ ಮಾಡಿಕೊಂಡು ಪರದೆಯ ಹತ್ತಿರ ಬಾಗಿದರು. ಬೆರಳಿನಿಂದ ಗಾಜಿನ ಮೇಲೆ ಆ ಗೆರೆಗಳ ಗುಂಟ ಎಳೆದರು. ಆಮೇಲೆ ಬಾಯಿಗೆ ಸೆರಗು ಹಿಡಿದು ನಕ್ಕರು. ನಗುತ್ತಾ ಕಣ್ಣು ಒರೆಸಿಕೊಂಡರು.

"ಇಟ್ಟಿಗೆ ತುಂಡು ಮಾರಾಯ್ತಿ. ಬಾವಿಕಟ್ಟೆಯಲ್ಲಿ ಕೂತು ಇಟ್ಟಿಗೆ ತುಂಡಲ್ಲಿ ತಿಕ್ಕಿದ್ದು."

"ಯಾರು?"

"ಮತ್ಯಾರು, ನಾನೇ. ನನ್ನ ತಾಯಿಮನೆಯಲ್ಲಿ ಮಣ್ಣಿನ ಓಡಿನಲ್ಲೇ ದೋಸೆ ಮಾಡುವುದು. ಕಬ್ಬಿಣದ ಕಾವಲಿ ನಾನು ಕಂಡದ್ದೇ ಇಲ್ಲ. ಮದುವೆಯಾಗಿ ಬಂದೆ, ನೋಡಿದರೆ ಕಪ್ಪು ಕಪ್ಪು. ಎಷ್ಟು ಕೊಳೆ ಇಟ್ಟುಕೊಂಡಿದ್ದಾರಪ್ಪ ಇವರು ಅಂತ ತಿಕ್ಕಿದೆ. ಹದಿನೆಂಟು ವರ್ಷ ನನಗೆ."

ಮರುದಿನ ಬೆಳಿಗ್ಗೆ ದೋಸೆ ಎದ್ದಿರಲಿಲ್ಲವಂತೆ. ಮಾವ ಊಟದ ಮಣೆಯಿಂದಲೇ ಗದರಿ, ಕಾವಲಿ ಹಾಳು ಮಾಡಿದ್ದು ಯಾರು ಎಂದು ಕೇಳಿದ್ದರು. ಆಂಟಿ ಬಾಗಿಲ ಹಿಂದೆ ನಿಂತಿದ್ದರು. ಒಳಗಿನಿಂದ ಅತ್ತೆ, "ನಾನೇ. ಕಿಲುಬು ಹಿಡಿದಿತ್ತು, ತಿಕ್ಕಿದೆ" ಎಂದಿದ್ದರಂತೆ.

"ಮತ್ತೆ ನನ್ನ ಹತ್ತಿರ ಒಂದು ದಿನ ಆ ಸುದ್ದಿ ಎತ್ತಲಿಲ್ಲ ಅವರು. ಸಾಯುವವರೆಗೂ ಇಲ್ಲ" ಎಂದರು ಆಂಟಿ. ಪರದೆಯ ಮೇಲಿನ ಗೆರೆಯನ್ನು ಇನ್ನೊಮ್ಮೆ ಮುಟ್ಟಿದರು. "ನಾನು ಮರೆತೇಬಿಟ್ಟಿದ್ದೆ ನೋಡು."

"ಅವಳಿಗೆ ಹೇಳಿ ಆಂಟಿ, ಬ್ಯಾಗ್ ತುಂಬ್ತಾ ಇದಾಳೆ" ಎಂದೆ. ಅವರು ಎದ್ದು ಹೋದರು. ಎದುರು ಬಾಗಿಲು ಮುಚ್ಚಿತು. ಒಳಗೆ ಏನು ಮಾತಾಯಿತೋ ನನಗೆ ಕೇಳಿಸಲಿಲ್ಲ. ಕೇಳಿಸಿಕೊಳ್ಳಲು ನಾನು ಬಾಗಿಲ ಬಳಿ ನಿಂತಿದ್ದೆ ಎನ್ನುವುದನ್ನು ಮುಚ್ಚಿಡುವುದಿಲ್ಲ.

ಭಾನುವಾರ ಬೆಳಿಗ್ಗೆ ನನ್ನ ನಾನ್‌ಸ್ಟಿಕ್ ತವಾ ಹಿಡಿದುಕೊಂಡು ತಪ್ಪೊಪ್ಪಿಗೆಯ ಮುಖದಲ್ಲಿ ಅವರ ಮನೆಗೆ ಹೋದೆ. ಸೊಸೆ ಮನೆಯಲ್ಲೇ ಇದ್ದಳು. ಕಣ್ಣು ಊದಿದ್ದವು. ನಾದಿನಿಯರಿಬ್ಬರೂ ಬಂದು ಕೂತಿದ್ದರು. ನನ್ನ ತವಾದಲ್ಲಿ ಎದ್ದ ಮೊದಲ ದೋಸೆಯನ್ನು ಸೊಸೆ ತಂದು ಬಡಿಸಿದಳು. ಠಾಣೆಯವರು ಒಂದು ತುಂಡು ಬಾಯಿಗಿಟ್ಟು ಅಗಿಯುವುದನ್ನು ನಿಲ್ಲಿಸಿದರು.

"ಇದು ಅಮ್ಮನ ಕಾವಲಿಯ ದೋಸೆ ಅಲ್ಲ."

ಎದ್ದು ಅಡುಗೆಮನೆಗೆ ನಡೆದೇಬಿಟ್ಟರು. ತಂಗಿಯೂ ಹಿಂದೆ. ಗೋಡೆಗೆ ಒರಗಿಸಿಟ್ಟಿದ್ದ ಕಾವಲಿಯನ್ನು ಎತ್ತಿ ಬೆಳಕಿಗೆ ಹಿಡಿದರು.

"ಅತ್ತಿಗೆ! ಎಂತ ಅವಸ್ಥೆ ಇದು? ಯಾರು ಮಾಡಿದ್ದು?" ಎಂದವರ ಕಣ್ಣು ಆಗಲೇ ಸೊಸೆಯ ಮೇಲಿತ್ತು. ಅವಳು ತಟ್ಟೆ ಹಿಡಿದು ಬಾಗಿಲಲ್ಲೇ ನಿಂತುಬಿಟ್ಟಿದ್ದಳು. ನಾನು, ನನ್ನಿಂದಲೇ ಆದದ್ದು ಎಂದು ಹೇಳಲು ಬಾಯಿ ತೆರೆದೆ. ಆಂಟಿ ನನ್ನ ಕೈ ಅದುಮಿದರು.

"ನಾನೇ ತಿಕ್ಕಿದ್ದು" ಎಂದರು. "ಸಂಘದಲ್ಲಿ ಫೋಟೊ ಹಾಕ್ತಾರಲ್ಲ, ಚಂದ ಕಾಣಲಿ ಅಂತ."

ವಾಶಿಯವರು ಕಿಸಕ್ಕನೆ ನಕ್ಕರು. "ಅಕ್ಕಾ, ನೆನಪುಂಟಾ? ನಾವು ಸಣ್ಣದಿರುವಾಗ ಅಮ್ಮನೂ ಹೀಗೇ ತಿಕ್ಕಿ ಹಾಳು ಮಾಡಿದ್ದಳಲ್ಲ! ಅಪ್ಪ ಎಷ್ಟು ಬೈದಿದ್ದ! ಅಮ್ಮನ ಹಾಗೆಯೇ ಆಯ್ತು ಅತ್ತಿಗೆಯದೂ."

ನಾನು ಆಂಟಿಯ ಮುಖ ನೋಡಿದೆ. ಸುಮ್ಮನಿದ್ದಿದ್ದರೆ ಎಲ್ಲವೂ ಅಲ್ಲಿಗೇ ಮುಗಿಯುತ್ತಿತ್ತು. ನಗುವಿನಲ್ಲೇ ಕಳೆದುಹೋಗುತ್ತಿತ್ತು. ಅವರು ನಾದಿನಿಯ ಕೈಯಿಂದ ಕಾವಲಿ ತೆಗೆದುಕೊಂಡರು.

"ಅದು ಅತ್ತೆ ಅಲ್ಲ" ಎಂದರು. "ಅದೂ ನಾನೇ. ಪಾಪ, ನನಗಾಗಿ ಅವರು ಬೈಸಿಕೊಂಡದ್ದು."

"ಎರಡು ಸಲವೂ ನೀವೇ? ಇಷ್ಟು ವರ್ಷವಾದರೂ ಬುದ್ಧಿ ಬರಲಿಲ್ವಾ ಅತ್ತಿಗೆ ನಿಮಗೆ!" ಎಂದು ಠಾಣೆಯವರು ಹಣೆ ಚಚ್ಚಿಕೊಂಡರು. ಆದರೆ ಅವರ ದನಿ ಮೆತ್ತಗಾಗಿತ್ತು, ಕಣ್ಣು ಕಾವಲಿಯ ಮೇಲೇ ಇತ್ತು. ತಾಯಿಯ ಬಗ್ಗೆ ಹೊಸದೊಂದು ಸಂಗತಿ ಇಷ್ಟು ವರ್ಷದ ಮೇಲೆ ಕೇಳಿದವರ ಮುಖ ಹೇಗಿರುತ್ತದೆ ಎಂದು ನಾನು ಅವತ್ತು ನೋಡಿದೆ.

ಕಾವಲಿ ಮತ್ತೆ ಪಳಗಲು ಸಂಕ್ರಾಂತಿಯವರೆಗೆ ಹಿಡಿಯಿತು. ದಿನಾ ಕಾಯಿಸುವುದು, ಎಣ್ಣೆ ಹಚ್ಚುವುದು, ಅರ್ಧ ನೀರುಳ್ಳಿಯಿಂದ ತಿಕ್ಕುವುದು. ಆಂಟಿ ಅದಕ್ಕೆ ಕೈ ಹಚ್ಚಲಿಲ್ಲ, ಎಲ್ಲವನ್ನೂ ಸೊಸೆಯೇ ಮಾಡಿದಳು. ನಾನು ಪ್ರತಿ ಶನಿವಾರ ಹೋಗಿ ಒಂದೊಂದು ಚಿತ್ರ ತೆಗೆದೆ. ಬೂದು, ಕಂದು, ಕೆಂಗಂದು, ಆಮೇಲೆ ಕಪ್ಪು. ಸಂಘದ ಗೋಡೆಯಲ್ಲಿ ಆ ವರ್ಷ ಹನ್ನೊಂದೇ ಚಿತ್ರ ಹಾಕಿದೆ. ಹನ್ನೆರಡನೆಯದಕ್ಕೆ ಬಿಟ್ಟ ಜಾಗದಲ್ಲಿ ಯಾರೋ ಕ್ಯಾಲೆಂಡರ್ ತೂಗುಹಾಕಿದರು.

ಆ ಎರಡು ಬಗೆಯ ಗೆರೆಗಳಿದ್ದ ಚಿತ್ರವನ್ನು ಮಾತ್ರ ದೊಡ್ಡದಾಗಿ ಪ್ರಿಂಟ್ ಹಾಕಿಸಿ ಸೊಸೆಗೆ ಕೊಟ್ಟೆ. ನಾವು ಐರೋಲಿಗೆ ಮನೆ ಬದಲಿಸಿ ಹಲವು ವರ್ಷಗಳಾದ ಮೇಲೆ, ಒಂದು ಭಾನುವಾರ ಹೋದಾಗ ಅದು ಅವರ ಅಡುಗೆಮನೆಯ ಕಪಾಟಿನ ಒಳಬಾಗಿಲಿಗೆ ಅಂಟಿತ್ತು, ಒಗ್ಗರಣೆಯ ಜಿಡ್ಡು ಹಿಡಿದಿತ್ತು. ಅವತ್ತು ನಾದಿನಿಯರೂ ಬಂದಿದ್ದರು. ಆಂಟಿ ಹೊರಗೆ ಅವರ ಜೊತೆ ಕೂತು ಹರಟುತ್ತಿದ್ದರು. ಒಳಗೆ ಸೊಸೆ ಹಿಟ್ಟು ಹುಯ್ದು ಮುಚ್ಚಳ ಮುಚ್ಚಿದಳು. ತೆಗೆದಾಗ ದೋಸೆ ಅಂಚು ಬಿಟ್ಟಿತ್ತು. ಅವಳು ಸಟ್ಟುಗ ಮುಟ್ಟದೆ ಬೆರಳಿನಿಂದಲೇ ಅದನ್ನು ಎತ್ತಿ ತಟ್ಟೆಗೆ ಹಾಕಿ, ಮೊದಲು ಅತ್ತೆಗೆ ಕೊಂಡುಹೋದಳು.