ತೆರೆಯ ಮೇಲೆ ಬಿದ್ದ ವಾಡೆ

ಎರಡು ವರ್ಷದ ಹಿಂದಿನ ಮಾತು. ಸಿಂದಗಿಯ ಸಣ್ಣದೊಂದು ಆ್ಯನಿಮೇಶನ್ ಸ್ಟುಡಿಯೊದಲ್ಲಿ ನಾನು ವಿಎಫ್ಎಕ್ಸ್ ಮೇಲ್ವಿಚಾರಕನಾಗಿದ್ದೆ. ಕಟ್ಟಡ ಉರುಳಿಸುವುದು, ಸೇತುವೆ ಮುರಿಯುವುದು, ಎಲ್ಲವೂ ಕಂಪ್ಯೂಟರಿನೊಳಗೆ. ಇದೇ ನನ್ನ ಹೊಟ್ಟೆಪಾಡು. "ಇವತ್ತೇನ್ ಕೆಡವಾಕತ್ತೀರಿ?" ಎಂದು ಚಹಾದಂಗಡಿಯವರು ಕಾಡಿಸುತ್ತಿದ್ದರು.

ಆಗ ನಮ್ಮ ಕೈಗೆ ಬಂದ ಸಿನಿಮಾವೊಂದರಲ್ಲಿ ಹಳೆಯ ವಾಡೆ, ಅಂದರೆ ಕಲ್ಲುಮಣ್ಣಿನ ದೊಡ್ಡ ಮನೆ, ಕುಸಿಯುವ ದೃಶ್ಯವಿತ್ತು. ಚಿತ್ರೀಕರಣ ಇಂಡಿ ತಾಲೂಕಿನ ಒಂದು ನಿಜವಾದ ವಾಡೆಯಲ್ಲಿ. ಅದರ ಯಜಮಾನರು ನಿವೃತ್ತ ಶಿಕ್ಷಕರು, ಊರಿಗೆಲ್ಲ ಮಾಸ್ತರು. ಸೋರುವ ಮಾಳಿಗೆ ರಿಪೇರಿ ಮಾಡಿಸಿ ಬೇಸತ್ತು, ವಾಡೆ ಕೆಡವಿ ಸ್ಲ್ಯಾಬಿನ ಮನೆ ಕಟ್ಟಿಸಲು ಹೊರಟಿದ್ದರು. ನಮ್ಮ ಕಡೆಯವರೇ ಆದ ನಿರ್ದೇಶಕರಿಗೆ ಇದು ಹಬ್ಬವೇ ಆಯಿತು. ಜೆಸಿಬಿ ತರಿಸೋಣ, ಬೀಳುವುದನ್ನೇ ಶೂಟ್ ಮಾಡೋಣ ಎಂದರು. ಮಾಸ್ತರೂ ಒಪ್ಪಿದರು.

ಒಪ್ಪದವಳು ನಮ್ಮ ಸ್ಟುಡಿಯೊದ ಕಲಾವಿದೆ, ಮುದ್ದೇಬಿಹಾಳದ ವೈಶಾಲಿ. "ಒಂದ್ ವಾರ ಕೊಡ್ರಿ ಸರ್, ನಾ ಕೆಡವಿ ತೋರಸ್ತೇನಿ. ಬಿದ್ದ ಮನಿ ಮತ್ತ ಏಳಂಗಿಲ್ರಿ," ಎಂದು ನಿರ್ದೇಶಕರಿಗೆ ನೇರವಾಗಿ ಹೇಳಿಬಿಟ್ಟಳು. ನಿರ್ದೇಶಕರು ಒಂದು ವಾರ ಕೊಟ್ಟರು. ಅವಳು ಸೋತರೆ ವಾಡೆಯ ಕಥೆ ಮುಗಿದಂತೆಯೇ.

ಮೊದಲು ನಾನು ಎಐ ವಿಡಿಯೊ ಮಾಡಿಸಿದೆ. ಬೇಕಾದ್ದನ್ನು ಬರೆದು ಕೊಟ್ಟರೆ ದೃಶ್ಯ ಹುಟ್ಟಿಸುವ ತಂತ್ರವದು. ಗೋಡೆ ಕಾಂಕ್ರೀಟಿನಂತೆ ಸಿಡಿಯಿತು, ಬಿದ್ದ ಕಲ್ಲು ಮಾಯವಾಯಿತು, ಒಂದು ಕಂಬ ಬೀಳುತ್ತಲೇ ಎರಡಾಯಿತು. "ವಾಡೇ ಬಿದ್ದಂಗಿಲ್ರಿ, ಬಿಸ್ಕೀಟ್ ಮುರದಂಗೈತಿ," ಎಂದು ನಿರ್ದೇಶಕರು ನಕ್ಕರು.

ವೈಶಾಲಿ ನಗಲಿಲ್ಲ. ಅಂಥದೇ ಮಣ್ಣಿನ ಮಾಳಿಗೆಯ ಮನೆಯಲ್ಲಿ ಬೆಳೆದವಳು ಅವಳು. ಅದರ ಮೂಲೆಯೊಂದು ಕುಸಿದದ್ದನ್ನು ಕಣ್ಣಾರೆ ಕಂಡಿದ್ದಳು. ವಾಡೆಯ ಮೂಲೆ ಮೂಲೆಯ ಫೋಟೊ ತೆಗೆದು ತಂದು ಸಿಮ್ಯುಲೇಶನ್‌ಗೆ ಕುಳಿತಳು. ಅಂದರೆ ಒಂದೊಂದು ಕಲ್ಲು, ತೊಲೆಗೂ ಅದರದರ ಭಾರ, ಹಿಡಿತ ಕೊಟ್ಟು, ಹೇಗೆ ಬೀಳುತ್ತದೆಂದು ಕಂಪ್ಯೂಟರಿನಿಂದ ಲೆಕ್ಕ ಹಾಕಿಸುವುದು.

ವಾರದ ಕೊನೆಗೆ ಅವಳು ತೋರಿಸಿದ ದೃಶ್ಯದಲ್ಲಿ ಸ್ಫೋಟವೇ ಇರಲಿಲ್ಲ. ತೊಲೆಗಳ ಸಂದಿನಿಂದ ಸಣ್ಣಗೆ ಮಣ್ಣು ಉದುರತೊಡಗಿತು. ನಡುವಿನ ತೊಲೆ ಮೆಲ್ಲಗೆ ಬಾಗಿತು. ಗೋಡೆ ಹೊಟ್ಟೆಬಿಟ್ಟು, ಕಲ್ಲುಗಳು ಒಂದರ ಹಿಂದೊಂದು ಜಾರಿದವು. ಆಮೇಲೆ ಮಾಳಿಗೆ ಪೂರಾ ಕೂತುಬಿಟ್ಟಿತು. ಎಷ್ಟೋ ಕಟ್ಟಡ ಉರುಳಿಸಿದವನು ನಾನು; ಆದರೂ ಅಂಥ ಕೆಲಸ ನನ್ನ ಕೈಯಿಂದ ಎಂದೂ ಆಗಿಲ್ಲ. ನಿರ್ದೇಶಕರು ಜೆಸಿಬಿ ಬೇಡವೆಂದರು.

ಸಿನಿಮಾದವರು ಬಿಟ್ಟರೂ ಮಾಸ್ತರು ಬಿಡಬೇಕಲ್ಲ. ಅವರೂ ನೋಡಲಿ ಎಂದು ವೈಶಾಲಿ ಲ್ಯಾಪ್‌ಟಾಪ್ ಹಿಡಿದು ವಾಡೆಗೇ ಹೋದಳು, ನಾನೂ ಜೊತೆಗಿದ್ದೆ. ಪಡಸಾಲೆಯಲ್ಲಿ ಕೂತು ಮಾಸ್ತರು ತಮ್ಮ ಪಡಸಾಲೆ ಬೀಳುವುದನ್ನು ನೋಡಿದರು. ಕನ್ನಡಕ ತೆಗೆದು ಒರೆಸಿಕೊಂಡರು.

"ಮತ್ತೊಮ್ಮೆ ಹಚ್ಚಲ್ರಿ?" ವೈಶಾಲಿ ಕೇಳಿದಳು.

"ಬ್ಯಾಡ ತಂಗಿ," ಎಂದರು ಮಾಸ್ತರು. "ಸ್ಲ್ಯಾಬಿನ ಮನಿ ಹಿತ್ತಲದಾಗ ಕಟ್ಟಸ್ತೇನಿ. ಇದು ಇರ್ಲಿ."

ಕೆಡವುವುದೇ ನನ್ನ ಕೆಲಸವೆಂದು ತಿಳಿದಿದ್ದೆ. ಸರಿಯಾಗಿ ಕೆಡವಿ ತೋರಿಸಿದರೆ ಮನೆಯೊಂದು ಉಳಿಯಲೂಬಹುದು ಎಂಬುದನ್ನು ವೈಶಾಲಿಯಿಂದ ಕಲಿತೆ.